ಅಣೆಕಟ್ಟಿಗೆ ಮುನ್ನ ಕೇಳತಕ್ಕ ಪ್ರಶ್ನೆಗಳು

ಕನಕಪುರದಿಂದ ದಕ್ಷಿಣಕ್ಕೆ ಹೊರಟು ಸಂಗಮವನ್ನು ಸೇರಿದರೆ ಅರ್ಕಾವತಿಯು ಕಾವೇರಿಯೊಡನೆ ಕೂಡುವುದನ್ನು ಕಾಣುತ್ತೇವೆ. ಅಲ್ಲಿಂದ ಸ್ವಲ್ಪ ದೂರ ಕೆಳಗೆ ನದಿಯು ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗಿ ಹರಿಯುತ್ತದೆ. ಮೇಕೆಯೊಂದು ಈ ಕಂದರವನ್ನು ಹಾರಿತೆಂಬ ಕಥೆಯಿಂದ ಸ್ಥಳಕ್ಕೆ ಮೇಕೆದಾಟು ಎಂದು ಹೆಸರು. ನಾವು ಅಲ್ಲಿ ಕಂಡ ಮೇಕೆಗಳಾವುವೂ ಅಂಥ ಸಾಹಸಕ್ಕೆ ಮನಸ್ಸು ಮಾಡಿದಂತೆ ತೋರಲಿಲ್ಲ.

ಇಲ್ಲಿ ಅಣೆಕಟ್ಟೊಂದನ್ನು ಕಟ್ಟಿ 67.16 ಟಿ.ಎಂ.ಸಿ. ನೀರನ್ನು ನಿಲ್ಲಿಸಬೇಕೆಂಬುದು ಕರ್ನಾಟಕ ಸರ್ಕಾರದ ಯೋಜನೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಕನ್ನಂಬಾಡಿಯ ಕೃಷ್ಣರಾಜಸಾಗರದಲ್ಲಿ ಹಿಡಿಯತಕ್ಕದ್ದು 49 ಟಿ.ಎಂ.ಸಿ.ಗೆ ಸ್ವಲ್ಪ ಹೆಚ್ಚು. ಇದು ಅದಕ್ಕೂ ದೊಡ್ಡದು. ಬೆಂಗಳೂರಿನ ಕುಡಿಯುವ ನೀರಿಗೆಂದು ಎಣಿಸಿರುವ ಹೆಚ್ಚುವರಿ ಪಾಲು 4.75 ಟಿ.ಎಂ.ಸಿ.; ಜತೆಗೆ 400 ಮೆಗಾವಾಟ್ ವಿದ್ಯುತ್ತಿನ ಉದ್ದೇಶವೂ ಉಂಟು. ನಗರದ ಬಾಯಾರಿಕೆ ಸುಳ್ಳಲ್ಲ. 1974ರಿಂದ ಅದು ಸುಮಾರು 100 ಕಿಲೋಮೀಟರ್ ದೂರದ ಕಾವೇರಿಯನ್ನು ಯಂತ್ರಗಳಿಂದ ಮೇಲೆತ್ತಿ ಕುಡಿಯುತ್ತಿದೆ.

ಇಂಥ ಕೆಲಸಕ್ಕೆ ಕೈಹಾಕುವ ಮುನ್ನ ಪರಿಸರ ಪರಿಶೀಲನೆ ನಡೆಯತಕ್ಕದ್ದೆಂದು ಭಾರತ ಸರ್ಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆ ವಿಧಿಸುತ್ತದೆ. ಮೊದಲು ತಜ್ಞರ ಸಮಿತಿಯು ಯಾವ ಯಾವ ಪ್ರಶ್ನೆಗಳಿಗೆ ಉತ್ತರ ಬೇಕೆಂಬುದನ್ನು ಗೊತ್ತುಮಾಡುತ್ತದೆ. ಬಳಿಕ ವರದಿಯ ಕರಡು ಸಿದ್ಧವಾಗುತ್ತದೆ. ಅದರ ಸಾರಾಂಶ ಜನರ ಭಾಷೆಯಲ್ಲಿಯೂ ದೊರೆಯಬೇಕು. ಕನಿಷ್ಠ 30 ದಿನಗಳ ಮುಂಚೆ ಪ್ರಕಟಿಸಿ ಸಾರ್ವಜನಿಕರ ಅಹವಾಲನ್ನು ಕೇಳಬೇಕು. ಅಹವಾಲಿನ ದಿವಸ ಗದ್ದಲವಾಗುವುದರಿಂದ ಅದೇ ಮುಖ್ಯವೆಂದು ಜನ ಭಾವಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲಿನ ಹೆಜ್ಜೆಯೇ ಮುಖ್ಯ. ಕೇಳದೆ ಬಿಟ್ಟ ಪ್ರಶ್ನೆಗೆ ಯಾವ ವರದಿಯೂ ಉತ್ತರ ಹೇಳುವುದಿಲ್ಲ. ಕುಡಿಯುವ ನೀರೇ ಉದ್ದೇಶವಾದರೆ ಜಲಾಶಯ ಇಷ್ಟು ವಿಶಾಲವಾಗಿರಬೇಕೆ, ಬೇರೆ ದಾರಿಗಳಿಲ್ಲವೆ, ಎಂದು ವಿಚಾರಿಸುವ ಕಾಲವೂ ಇದೇ.

ಕಾಡಿನ ಪ್ರಶ್ನೆ ಎಲ್ಲರ ಕಣ್ಣಿಗೂ ಬೀಳತಕ್ಕದ್ದು. ಬೇಕಾಗುವ ಸುಮಾರು 5,252 ಹೆಕ್ಟೇರ್ ಭೂಮಿಯಲ್ಲಿ 3,181 ಹೆಕ್ಟೇರ್ ಕಾವೇರಿ ವನ್ಯಜೀವಿಧಾಮ, 1,869 ಹೆಕ್ಟೇರ್ ಮೀಸಲು ಅರಣ್ಯ. ಮುಳುಗುವುದು ಬರಿಯ ವಿಸ್ತೀರ್ಣವಲ್ಲ, ಹೊಳೆಯ ದಡ. ದಡದುದ್ದಕ್ಕೂ ತೊರೆಮತ್ತಿಯ ಮುದಿಮರಗಳಿವೆ. ಬೂದು ಬಣ್ಣದ ದೊಡ್ಡ ಅಳಿಲು ಅವುಗಳಲ್ಲಿ ಗೂಡುಕಟ್ಟಿ, ನೆಲಕ್ಕಿಳಿಯದೆ ಕೊಂಬೆಯಿಂದ ಕೊಂಬೆಗೆ ಸಾಗುತ್ತದೆ. ಬೇರೆಲ್ಲಿಯೋ ಗುಡ್ಡದ ಮೇಲೆ ಅಷ್ಟೇ ಹೆಕ್ಟೇರ್ ಸಸಿ ನೆಟ್ಟರೆ ಲೆಕ್ಕ ಸರಿಹೋಗಬಹುದು; ಅಳಿಲಿಗೆ ಮನೆಯಾಗುವುದಿಲ್ಲ. ಆನೆಗಳ ದಾರಿ, ಹರಿಯುವ ನೀರನ್ನೇ ನಂಬಿದ ಮಹಶೀರ್ ಮೀನು, ಇವೂ ಇದೇ ಕಣಿವೆಯವು.

ಅಷ್ಟಾಗಿ ಜನರ ಗಮನಕ್ಕೆ ಬಾರದ ಪ್ರಶ್ನೆ ಮತ್ತೊಂದುಂಟು. ಅಣೆಕಟ್ಟಿನ ಸ್ಥಳ ಸಂಗಮದ ಕೆಳಗಿರುವುದರಿಂದ ಅರ್ಕಾವತಿಯ ನೀರೂ ಜಲಾಶಯಕ್ಕೇ ಬರಬೇಕು. ಬೆಂಗಳೂರಿನ ಕೊಳಚೆಯನ್ನು ಹೊತ್ತ ವೃಷಭಾವತಿಯು ಸೇರುವುದು ಈ ಅರ್ಕಾವತಿಯನ್ನೇ. ಹರಿಯುವ ಹೊಳೆ ಕಶ್ಮಲವನ್ನು ಅಷ್ಟಿಷ್ಟು ಕಳೆದುಕೊಳ್ಳುತ್ತದೆ. ನಿಂತ ನೀರಿನಲ್ಲಿ ಅದು ತಳಕ್ಕಿಳಿದು ಪಾಚಿಗೆ ಗೊಬ್ಬರವಾಗುತ್ತದೆ. ನಗರವು ತಾನು ಚೆಲ್ಲಿದ್ದನ್ನು ತಾನೇ ಕುಡಿಯುವ ಸಂಭವವುಂಟು. 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿ ಜಲಾಶಯವಾದಾಗ ಇದೇ ಅರ್ಕಾವತಿ ಬೆಂಗಳೂರಿಗೆ ನೀರೂಡಿದ ತಾಯಿ. ಮುಂದೆ ಮೇಲಣ ಸೀಮೆಯಲ್ಲಿ ಕೊಳವೆಬಾವಿ, ನೀಲಗಿರಿ ತೋಪು, ಹೊಸ ಬಡಾವಣೆಗಳು ಹೆಚ್ಚಿ ಒಳಹರಿವು ಕುಗ್ಗಿತು, ಕೊಳಚೆಯೂ ಬೆರೆಯಿತು. ಅಣೆಕಟ್ಟೇನೋ ಗಟ್ಟಿಯಾಗಿ ನಿಂತಿತ್ತು.

2019ರ ಜುಲೈಯಲ್ಲಿ ಮೇಕೆದಾಟಿನ ವಿಷಯ ಕೇಂದ್ರದ ತಜ್ಞರ ಸಮಿತಿಯ ಮುಂದೆ ಬಂದಿತು. ಕರ್ನಾಟಕ ತಮಿಳುನಾಡುಗಳು ಸೌಹಾರ್ದದಿಂದ ಒಂದು ತೀರ್ಮಾನಕ್ಕೆ ಬಂದ ಮೇಲೆ ನೋಡೋಣವೆಂದು ಸಮಿತಿ ಅದನ್ನು ಮುಂದಕ್ಕೆ ಹಾಕಿತು. ನ್ಯಾಯಾಲಯಗಳಲ್ಲಿ ವಾದವಾದುದು ಯಾರ ಪಾಲು ಎಷ್ಟೆಂಬುದನ್ನು ಕುರಿತು. ನೀರು ಎಂಥದೆಂಬುದು ಪರಿಶೀಲನೆಗೆ ಬಿಟ್ಟ ಮಾತು.

ಅರ್ಕಾವತಿಯ ನೀರನ್ನು ಶ್ರಾವಣದ ಪ್ರವಾಹದಲ್ಲಿ ತುಂಬಿ ಪರೀಕ್ಷಿಸಿದರೆ ಒಂದು ಉತ್ತರ ಬರುತ್ತದೆ, ಚೈತ್ರದ ಬಿಸಿಲಿನಲ್ಲಿ ತುಂಬಿದರೆ ಇನ್ನೊಂದು. ವರದಿಯ ಸಾರಾಂಶ ಕೈಗೆ ಬಂದ ದಿನ ಕನಕಪುರದ ಸೀಮೆಯವರು ಮೊದಲು ಹುಡುಕಿ ನೋಡತಕ್ಕದ್ದು ಆ ತಿಂಗಳ ಹೆಸರನ್ನು.