ಕೆರೆಯ ನೀರಿನಿಂದ ಕೃಷಿ ಭವನಕ್ಕೆ

ಸುರತ್ಕಲ್ ಮಾರ್ಕೆಟಿಗೆ ಜೂನ್, ಜುಲೈ ಎಂದರೆ ಮೀನಿನ ಬರಗಾಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. ಬೂತಾಯಿ, ಬಂಗುಡೆ ಸಿಕ್ಕಿದರೂ ದರ ಕೇಳಿಯೇ ಹೊಟ್ಟೆ ತುಂಬಬೇಕು. ಆಗ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ ಐಸಿನ ಮೇಲೆ ದಪ್ಪ ತಲೆಯ ಕಾಟ್ಲಾ, ಕೆಂಪು ಛಾಯೆಯ ರೋಹು ಬಂದು ಕೂರುತ್ತವೆ. ಗಿರಾಕಿಗಳು ನೋಡುತ್ತಾರೆ, ಮೂಗು ಮುರಿಯುತ್ತಾರೆ. ‘ಕೆರೆ ಮೀನಾ? ಕೆಸರು ವಾಸನೆ ಮಾರಾಯ್ರೆ!’

ಆ ವಾಸನೆ ಬರುವುದು ಕೆಸರಿನಿಂದಲ್ಲ. ಕೊಳದ ನೀರಿನಲ್ಲಿರುವ ನೀಲಿ-ಹಸಿರು ಪಾಚಿಯೂ ಕೆಲವು ಬ್ಯಾಕ್ಟೀರಿಯಾಗಳೂ ಜಿಯೋಸ್ಮಿನ್ ಎಂಬ ರಾಸಾಯನಿಕವನ್ನು ಬಿಡುತ್ತವೆ. ಅದು ಮೀನಿನ ಮಾಂಸಕ್ಕೆ ಸೇರುತ್ತದೆ. ಮೊದಲ ಮಳೆಗೆ ಮಣ್ಣು ಘಮ್ಮೆನ್ನುವುದೂ ಇದರಿಂದಲೇ. ಮಣ್ಣಿನಲ್ಲಿ ಬಂದರೆ ಕವಿಗಳಿಗೆ ಖುಷಿ, ಮೀನಿನಲ್ಲಿ ಬಂದರೆ ಗಿರಾಕಿಗೆ ಸಿಟ್ಟು.

ಕೊಳದ ಈ ಸೂಕ್ಷ್ಮಜೀವಿಗಳ ಲೋಕದಲ್ಲಿ ವೃತ್ತಿ ಆರಂಭಿಸಿ, ಕೊನೆಗೆ ದೇಶದ ಇಡೀ ಕೃಷಿ ಸಂಶೋಧನೆಯ ಯಜಮಾನಿಕೆ ವಹಿಸಿಕೊಂಡವರು ಡಾ. ಎಸ್. ಅಯ್ಯಪ್ಪನ್. ಅವರಿಗೆ ಮೀನಿನ ಪಾಠ ಹೇಳಿಕೊಟ್ಟದ್ದು ಮಂಗಳೂರು. ಹಾಗಿದ್ದೂ ಸುರತ್ಕಲ್ಲಿನ ಮೀನು ಮಾರುಕಟ್ಟೆಯಲ್ಲಿ ಅವರ ಹೆಸರು ಹೇಳಿದರೆ ಗುರುತಿಸುವವರು ವಿರಳ. ಕಾರಣ ಸರಳ: ಅವರ ಮೀನು ಕಡಲಿನದ್ದಲ್ಲ.

ಸುಬ್ಬಣ್ಣ ಅಯ್ಯಪ್ಪನ್ ಹುಟ್ಟಿದ್ದು 1955ರ ಡಿಸೆಂಬರ್ 10ರಂದು, ಈಗ ಚಾಮರಾಜನಗರ ಜಿಲ್ಲೆಗೆ ಸೇರಿರುವ ಯಳಂದೂರಿನಲ್ಲಿ. ಸಮುದ್ರಕ್ಕೂ ಆ ಊರಿಗೂ ಯಾವ ನಂಟೂ ಇಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿ ಶುರುವಾದದ್ದು 1969ರಲ್ಲಿ. ಅಲ್ಲಿ ಅವರು 1975ಕ್ಕೆ ಬಿ.ಎಫ್.ಎಸ್ಸಿ., 1977ಕ್ಕೆ ಎಂ.ಎಫ್.ಎಸ್ಸಿ. ಮುಗಿಸಿದರು.

ಈ ಕರಾವಳಿ ತಲೆಕೆಳಗಾಗುತ್ತಿದ್ದ ವರ್ಷಗಳವು. ಪಣಂಬೂರಿನ ನವಮಂಗಳೂರು ಬಂದರನ್ನು 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಮರುವರ್ಷ ಅದರ ಪಕ್ಕದಲ್ಲೇ ಎಂಸಿಎಫ್ ಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಸುರತ್ಕಲ್ಲಿನ ಕೆಆರ್‌ಇಸಿ, ಇಂದಿನ ಎನ್‌ಐಟಿಕೆ, ಆಗಲೇ ಹದಿನೈದು ವರ್ಷದ ಕಾಲೇಜು. ಕಡಲಿನಲ್ಲಿ ಪರ್ಸೀನ್ ದೋಣಿಗಳು ಬಂದವು; ದಡದಿಂದ ಹತ್ತಾರು ಮಂದಿ ಸೇರಿ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಯಂತ್ರ ಬಂದ ಮೇಲೆ ಕಡಲಿನ ಮೀನು ಮುಗಿಯದ ಅಕ್ಷಯಪಾತ್ರೆ ಎಂದೇ ಬಹುಮಂದಿ ನಂಬಿದ್ದರು. ಅಂಥ ಕಾಲದಲ್ಲಿ ಕಡಲಿಗೆ ಬೆನ್ನು ಹಾಕಿ ಕೊಳದ ಕಡೆ ಹೊರಡುವುದು ಯಾರಿಗೂ ದೊಡ್ಡ ಭವಿಷ್ಯವಾಗಿ ಕಂಡಿರಲಾರದು.

1978ರಲ್ಲಿ ಅಯ್ಯಪ್ಪನ್ ಬಂಗಾಳದ ಬ್ಯಾರಕ್‌ಪುರದಲ್ಲಿರುವ ಕೇಂದ್ರೀಯ ಒಳನಾಡು ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸೇರಿದರು. ಮುಂದೆ ಭುವನೇಶ್ವರದ ಕೌಸಲ್ಯಾಗಂಗಾದ ಕೊಳಗಳು ಅವರ ಪ್ರಯೋಗಶಾಲೆಯಾದವು.

ಕೊಳದ ಪರಿಸರ ವಿಜ್ಞಾನಿಯ ದಿನಚರಿ ಹೊರಗಿನವರಿಗೆ ಮಕ್ಕಳಾಟಿಕೆಯಂತೆ ಕಾಣಬಹುದು. ಕೊಳದ ನೀರನ್ನು ಎರಡು ಗಾಜಿನ ಬಾಟಲಿಗಳಲ್ಲಿ ತುಂಬಿ, ಒಂದಕ್ಕೆ ಬೆಳಕು ತಾಗದಂತೆ ಕಪ್ಪು ಹೊದಿಸಿ, ಎರಡನ್ನೂ ದಾರ ಕಟ್ಟಿ ನೀರಿನೊಳಗೆ ಇಳಿಬಿಡುತ್ತಾರೆ. ಕೆಲವು ಗಂಟೆ ಬಿಟ್ಟು ಎತ್ತಿ, ಎರಡರಲ್ಲೂ ಆಮ್ಲಜನಕ ಎಷ್ಟಿದೆ ಎಂದು ಅಳೆಯುತ್ತಾರೆ. ಮ್ಯಾಂಗನೀಸ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳು ಬಿದ್ದೊಡನೆ ಬಾಟಲಿಯಲ್ಲಿ ಕಂದು ಗಷ್ಟು ಇಳಿಯುತ್ತದೆ. ಆಮ್ಲ ಹಾಕಿದರೆ ಅದು ಕರಗಿ ಹಳದಿ. ಪಿಷ್ಟದ ಹನಿ ಬಿದ್ದರೆ ಕಡುನೀಲಿ. ನೀಲಿ ಮಾಯವಾಗಲು ಥಯೋಸಲ್ಫೇಟ್ ಎಷ್ಟು ಹನಿ ಬೇಕಾಯಿತು ಎಂಬುದೇ ಲೆಕ್ಕ. ಬೆಳಕಿನ ಬಾಟಲಿಯಲ್ಲಿ ಪಾಚಿ ಆಮ್ಲಜನಕ ತಯಾರಿಸಿರುತ್ತದೆ; ಕತ್ತಲ ಬಾಟಲಿಯಲ್ಲಿ ಎಲ್ಲ ಜೀವಿಗಳೂ ಕೂಡಿ ಬರೀ ಖರ್ಚು ಮಾಡಿರುತ್ತವೆ. ಎರಡರ ವ್ಯತ್ಯಾಸದಿಂದ ಆ ಕೊಳದ ದುಡಿಮೆ ಎಷ್ಟೆಂದು ಗೊತ್ತಾಗುತ್ತದೆ. ಖರ್ಚು ಹೆಚ್ಚಾದ ಕೊಳದಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ರೈತ ಅದನ್ನು ನೋಡಿ ಹಸಿವೆಂದು ತಿಳಿದು ಇನ್ನಷ್ಟು ಮೇವು ಸುರಿದರೆ ಕಥೆ ಮುಗಿದಂತೆ. ಮೀನಿಗೆ ಬೇಕಾಗಿರುವುದು ಉಸಿರು.

ಅಯ್ಯಪ್ಪನ್ ತಲೆಕೆಡಿಸಿಕೊಂಡದ್ದು ಇಂಥ ಆಯವ್ಯಯದ ಬಗ್ಗೆ. ರಾಸಾಯನಿಕ ಗೊಬ್ಬರಕ್ಕೆ ಬದಲಾಗಿ ಅಜೋಲ್ಲಾ ಬಳಸಿ ಕೊಳಕ್ಕೆ ಸಾರಜನಕ ಒದಗಿಸುವ ಕೆಲಸದಲ್ಲಿ ಅವರಿದ್ದರು. ಅಜೋಲ್ಲಾ ಎಲೆಯೊಳಗೆ ಮನೆ ಮಾಡಿಕೊಂಡಿರುವ ಸೂಕ್ಷ್ಮಜೀವಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಯೂರಿಯಾ ಚೀಲ ಹೊರಬೇಕಿಲ್ಲ. ಭುವನೇಶ್ವರದಲ್ಲಿ ಬೆಳೆದ ಇನ್ನೊಂದು ಕೆಲಸ ಊರಿನ ಚರಂಡಿ ನೀರಿನದ್ದು. ಹಾವಸೆ ಜಾತಿಯ ಪುಟ್ಟ ತೇಲು ಸಸ್ಯಗಳಿರುವ ಕೊಳಗಳ ಮೂಲಕ ಕೊಳಚೆ ನೀರನ್ನು ಹಾಯಿಸಿ, ತಿಳಿಯಾದ ಬಳಿಕ ಮೀನಿನ ಕೊಳಕ್ಕೆ ಬಿಡುವ ವಿಧಾನ ಅದು. ಇದರ ಪ್ರಾಯೋಗಿಕ ಘಟಕದ ಬಗ್ಗೆ 2010ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಜೆ.ಕೆ. ಜೇನಾ ಮತ್ತಿತರರ ಜೊತೆ ಅಯ್ಯಪ್ಪನ್ ಹೆಸರೂ ಇದೆ. ಅಷ್ಟರೊಳಗೆ ಅವರು ದಿಲ್ಲಿಯ ಕುರ್ಚಿಯಲ್ಲಿದ್ದರು.

ನಮ್ಮಲ್ಲಿ ಒಬ್ಬ ವಿಜ್ಞಾನಿ ಚೆನ್ನಾಗಿ ಕೆಲಸ ಮಾಡಿದರೆ ಸಿಗುವ ಬಹುಮಾನವೆಂದರೆ, ಆ ಕೆಲಸ ಮಾಡಲು ಬಿಡುವೇ ಸಿಗದ ಹುದ್ದೆ. ಅಯ್ಯಪ್ಪನ್ ಅವರಿಗೂ ಅದೇ ಆಯಿತು. 1996ರಲ್ಲಿ ಭುವನೇಶ್ವರದ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯ ನಿರ್ದೇಶಕ, 2000ದಲ್ಲಿ ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ನಿರ್ದೇಶಕ, 2002ರಲ್ಲಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಮೀನುಗಾರಿಕಾ ವಿಭಾಗದ ಉಪ ಮಹಾನಿರ್ದೇಶಕ. 2006ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಮೀನುಗಾರಿಕಾ ಅಭಿವೃದ್ಧಿ ಮಂಡಳಿ ಹುಟ್ಟಿದಾಗ ಅದನ್ನು ಕಟ್ಟುವ ಹೊಣೆ ಅವರದ್ದಾಯಿತು. 2010ರ ಆರಂಭದಲ್ಲಿ ಪರಿಷತ್ತಿನ ಮಹಾನಿರ್ದೇಶಕ ಪಟ್ಟ ಬಂತು. 1929ರಿಂದ ನಡೆದುಬಂದಿರುವ ಆ ಸಂಸ್ಥೆಯ ಚುಕ್ಕಾಣಿ, ಬೆಳೆ ವಿಜ್ಞಾನದ ಹೊರಗಿನವರಿಗೆ ಸಿಕ್ಕಿದ್ದು ಅದೇ ಮೊದಲು. ಭತ್ತ, ಗೋಧಿಯವರ ಪಂಕ್ತಿಯಲ್ಲಿ ಮೀನಿಗೂ ಎಲೆ ಬಿತ್ತು.

ನಿರ್ವಾಹಕನಾಗಿ ಅವರು ಮಾಡಿದ್ದರಲ್ಲಿ ನನಗೆ ಮುಖ್ಯವಾಗಿ ಕಾಣುವುದು 2011ರಲ್ಲಿ ಸುಮಾರು 350 ಕೋಟಿ ರೂಪಾಯಿ ಯೋಜನಾ ವೆಚ್ಚದೊಂದಿಗೆ ಆರಂಭವಾದ ಹವಾಮಾನ ಸಹಿಷ್ಣು ಕೃಷಿಯ ರಾಷ್ಟ್ರೀಯ ಕಾರ್ಯಕ್ರಮ, ನಿಕ್ರಾ. ಬೆಳೆ, ಜಾನುವಾರು, ಮೀನು, ಮಣ್ಣು, ನೀರು ಎಲ್ಲವನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟ ಯೋಜನೆ ಅದು. ತಂತಮ್ಮ ಬೆಳೆಯ ಬೇಲಿಯೊಳಗೇ ಇರುವ ಸಂಸ್ಥೆಗಳನ್ನು ಹೀಗೆ ಒಟ್ಟಿಗೆ ಕೂರಿಸುವುದು ಸಲೀಸಲ್ಲ. ಆದರೆ ನೀರು, ಪಾಚಿ, ಗೊಬ್ಬರ, ಮೀನುಗಳನ್ನು ಬೇರೆ ಬೇರೆ ಮಾಡಿ ನೋಡಿ ಅಭ್ಯಾಸವಿಲ್ಲದವರಿಗೆ ಇದು ಸಹಜವಾಗಿಯೇ ಒಪ್ಪಿಗೆಯಾಗಿರಬೇಕು.

ಕುರ್ಚಿ ಸುಖದ್ದಾಗಿತ್ತು ಎಂದೇನೂ ಅಲ್ಲ. ಸರ್ಕಾರಿ ವಲಯದ ಹೆಮ್ಮೆಯೆಂದು 2009ರಲ್ಲಿ ಬಿತ್ತನೆಗೆ ಬಂದ ಬಿಕಾನೇರಿ ನರ್ಮಾ ಬಿಟಿ ಹತ್ತಿಯ ಹಗರಣ ಅವರ ಕಾಲದಲ್ಲೇ ಬಯಲಾಯಿತು. ನಾಗಪುರದ ಹತ್ತಿ ಸಂಸ್ಥೆಯೂ ನಮ್ಮ ಧಾರವಾಡ ಕೃಷಿ ವಿಶ್ವವಿದ್ಯಾಲಯವೂ ಸೇರಿ ರೂಪಿಸಿದ ಆ ತಳಿಯಲ್ಲಿ ಮಾನ್ಸಾಂಟೊ ಕಂಪನಿಯ ಜೀನ್ ಇರುವುದು ಪತ್ತೆಯಾಗಿ, 2012ರಲ್ಲಿ ಎಸ್.ಕೆ. ಸೋಪೊರಿ ನೇತೃತ್ವದ ತನಿಖಾ ಸಮಿತಿ ಕೂರಿಸಬೇಕಾಯಿತು. ಬೇರೆಯವರ ಪ್ರಯೋಗಾಲಯದ ಎಡವಟ್ಟಿಗೆ ಉತ್ತರ ಕೊಡುತ್ತಾ ಕೂರುವುದು ಇಂಥ ಹುದ್ದೆಯ ಇನ್ನೊಂದು ಮುಖ.

ಈಗ ಅಂಕಿ ನೋಡೋಣ. 1950-51ರಲ್ಲಿ ದೇಶದ ಮೀನು ಉತ್ಪಾದನೆ ಸುಮಾರು 7.5 ಲಕ್ಷ ಟನ್. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕಡಲಿನದ್ದು. 2022-23ರಲ್ಲಿ 175 ಲಕ್ಷ ಟನ್ ದಾಟಿತು. ಅದರಲ್ಲಿ ಒಳನಾಡಿನದ್ದು ಸುಮಾರು 131 ಲಕ್ಷ ಟನ್. ತಕ್ಕಡಿ ಪೂರ್ತಿ ಆ ಕಡೆಗೆ ವಾಲಿದೆ. ಇದನ್ನು ಒಬ್ಬರ ಖಾತೆಗೆ ಜಮಾ ಮಾಡಲಾಗದು. 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹಾರ್ಮೋನ್ ಚುಚ್ಚಿ ಗೆಂಡೆ ಮೀನಿನಿಂದ ಮರಿ ಮಾಡಿಸಿದ ಹೀರಾಲಾಲ್ ಚೌಧುರಿ ಇಲ್ಲದಿದ್ದರೆ ಈ ಕಥೆಯೇ ಇಲ್ಲ. ಭುವನೇಶ್ವರದಲ್ಲಿ ನಾರ್ವೆಯವರ ಜೊತೆಗೂಡಿ ಆಯ್ದ ತಳಿವರ್ಧನೆಯಿಂದ ಬೆಳೆಸಿದ ‘ಜಯಂತಿ’ ರೋಹುವಿನ ಹಿಂದೆಯೂ ಒಂದು ತಂಡವೇ ಇದೆ.

ಕಡಲ ಮಕ್ಕಳಿಗೆ ಈ ಅಂಕಿಯಿಂದ ಕಿರಿಕಿರಿಯಾಗುವುದು ಸಹಜ. ಬಂಗಾಳ, ಆಂಧ್ರಗಳಲ್ಲಿ ಕೊಳಕ್ಕೆ ಸುರಿದ ಹಣಕ್ಕೂ ಶ್ರಮಕ್ಕೂ ಫಲ ಕಂಡಿತು. ಇಲ್ಲಿ ಹೊಸಬೆಟ್ಟು, ಸಸಿಹಿತ್ಲು ತೀರದಲ್ಲಿ ಕೈರಂಪಣಿ ಬಿಡುವವರಿಗೆ ಬಲೆಗೆ ಏನು ಬರುತ್ತದೋ ಎಂಬ ಲೆಕ್ಕ ಇವತ್ತಿಗೂ ದೇವರ ಕೈಯಲ್ಲಿದೆ. ಕಡಲಿಗೆ ಅಜೋಲ್ಲಾ ಹಾಕಿ ಬೂತಾಯಿ ಬೆಳೆಸಲಾಗದು. ಹಾಗಾಗಿ ಕಡಲನ್ನು ಕಾಯುವ ವಿಜ್ಞಾನಕ್ಕೆ ಕೊಳವನ್ನು ಬೆಳೆಸುವ ವಿಜ್ಞಾನಕ್ಕೆ ಸಿಕ್ಕಷ್ಟು ಮನ್ನಣೆ ಸಿಕ್ಕಿತೇ ಎಂಬ ಪ್ರಶ್ನೆಯನ್ನು ಮಂಗಳೂರಿನವರು ಕೇಳಿದರೆ ತಪ್ಪೇನಿಲ್ಲ.

2016ರಲ್ಲಿ ದಿಲ್ಲಿ ಬಿಟ್ಟ ಮೇಲೂ ಅಯ್ಯಪ್ಪನ್ ಸುಮ್ಮನೆ ಕೂರಲಿಲ್ಲ. ಇಂಫಾಲದ ಕೇಂದ್ರೀಯ ಕೃಷಿ ವಿಶ್ವವಿದ್ಯಾಲಯದ ಕುಲಾಧಿಪತಿಯಾದರು, ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಅಕಾಡೆಮಿಯ ಅಧ್ಯಕ್ಷರಾದರು. 2022ರಲ್ಲಿ ಪದ್ಮಶ್ರೀ ಬಂತು. 2025ರ ಮೇ 10ರಂದು ಶ್ರೀರಂಗಪಟ್ಟಣದ ಬಳಿ ಕಾವೇರಿಯಲ್ಲಿ ಅವರ ಮೃತದೇಹ ಸಿಕ್ಕಿದ ಸುದ್ದಿ ಬಂದಾಗ, ಅವರು ಯಾರೆಂದು ಪತ್ರಿಕೆಗಳು ಓದುಗರಿಗೆ ಮೊದಲಿನಿಂದ ಹೇಳಬೇಕಾಯಿತು.

ಅವರ ಬಳಿಕ ಪರಿಷತ್ತಿನ ಆ ಕುರ್ಚಿಗೆ ತ್ರಿಲೋಚನ ಮಹಾಪಾತ್ರ ಬಂದರು, ಹಿಮಾಂಶು ಪಾಠಕ್ ಬಂದರು, ಎಂ.ಎಲ್. ಜಾಟ್ ಬಂದರು: ಒಬ್ಬರು ಬೆಳೆಯ ವಂಶವಾಹಿ ಬಲ್ಲವರು, ಒಬ್ಬರು ಮಣ್ಣಿನವರು, ಒಬ್ಬರು ಬೇಸಾಯ ವಿಜ್ಞಾನಿ. ಮೀನಿನವರು ಮತ್ತೆ ಯಾರೂ ಬಂದಿಲ್ಲ.