ಕೆಂಪು ನೀರಿನ ದುಡಿಮೆಗಾರರು

ಗೋಕರ್ಣದ ಹಾದಿಯಲ್ಲಿ ಸಾಣಿಕಟ್ಟಾ ಬಂತೆಂದು ತಿಳಿಯಲು ಫಲಕ ಓದಬೇಕಾಗಿಲ್ಲ. ತೆಂಗಿನ ನೆರಳು ಹಿಂದೆ ಸರಿದು, ನೆಲದಿಂದಲೇ ಎದ್ದು ಬರುವ ಬೆಳಕಿಗೆ ಕಣ್ಣು ಕಿರಿದಾದರೆ ಉಪ್ಪಿನ ಆಗರ ಬಂತು. ಏಪ್ರಿಲ್ ಬಿಸಿಲು, ಗಾಳಿಯಲ್ಲಿ ಅಳಿವೆಯ ಕೆಸರಿನ ವಾಸನೆ. ಬನ್ನಿ, ಚಪ್ಪಲಿ ಬಿಟ್ಟು ಬದುವಿನ ಮೇಲೆ ನಡೆಯೋಣ. ಅಗಲ ಒಬ್ಬರಿಗಷ್ಟೇ ಸಾಲುತ್ತದೆ, ಬುಟ್ಟಿ ಹೊತ್ತವರು ಎದುರಾದರೆ ನಾವೇ ಪಕ್ಕಕ್ಕೆ ನಿಲ್ಲಬೇಕು.

ಮಡಿಗಳಲ್ಲಿ ಕೆಲಸ ನಡೆದಿದೆ. ಉದ್ದ ಹಿಡಿಕೆಯ ಮರದ ಹಲಗೆಯನ್ನು ನೀರಿನ ಆಚೆ ತುದಿಗೆ ಚಾಚಿ, ತಳದ ಜೇಡಿ ಏಳದ ಹಾಗೆ ಅಷ್ಟೇ ಹಗುರವಾಗಿ ತನ್ನತ್ತ ಎಳೆಯುತ್ತಾನೆ ಆಳು. ಹಲಗೆಯ ಮುಂದೆ ಹರಳುಗಳು ಸರಸರನೆ ಸರಿದು ಅಂಚಿಗೆ ಬಂದು ಗುಡ್ಡೆಯಾಗುತ್ತವೆ. ಮತ್ತೆ ಚಾಚುವುದು, ಮತ್ತೆ ಎಳೆಯುವುದು. ಅಂಚಿನ ಉಪ್ಪು ನೀರಿಳಿಸಿಕೊಂಡ ಮೇಲೆ ಬುಟ್ಟಿಗೆ, ಬುಟ್ಟಿಯಿಂದ ತಲೆಗೆ, ತಲೆಯಿಂದ ಬದುವಿನಾಚೆಯ ರಾಶಿಗೆ. ಸುರಿದಾಗ ಬರುವ ಸದ್ದು ಸಣ್ಣ ಜಲ್ಲಿ ಸುರಿದಂತೆ. ಬಣ್ಣ ಅಂಗಡಿಯ ಪ್ಯಾಕೆಟ್ಟಿನ ಬಿಳಿಯಲ್ಲ, ಮಣ್ಣಿನ ನೆನಪು ಉಳಿಸಿಕೊಂಡ ಬೂದು ಬಿಳಿ.

ಈ ಹರಳು ಹುಟ್ಟಿದ ನೀರು ನಡೆದು ಬಂದ ದಾರಿಯನ್ನು ಹಿಂದಕ್ಕೆ ನೋಡುತ್ತ ಹೋದರೆ ಜೀವಲೋಕದ ಒಂದೊಂದೇ ಗಡಿ ಕಾಣಸಿಗುತ್ತದೆ. ಉಬ್ಬರದ ಹೊತ್ತಿಗೆ ತೂಬು ತೆರೆದು ಅಘನಾಶಿನಿಯ ಅಳಿವೆಯ ಉಪ್ಪುನೀರನ್ನು ದೊಡ್ಡ ಕೆರೆಗೆ ಬಿಡುತ್ತಾರೆ. ಅಲ್ಲಿ ಮೀನು ಚಿಮ್ಮುತ್ತದೆ, ಸಿಗಡಿ ಓಡುತ್ತದೆ, ಬೆಳ್ಳಕ್ಕಿ ಕಾಯುತ್ತ ನಿಂತಿರುತ್ತದೆ. ಸಮುದ್ರದ ನೀರೆಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು, ಅಷ್ಟನ್ನು ಮೀನು ತಾಳುತ್ತದೆ. ಮುಂದಿನ ಮಡಿಗೆ ಹರಿದು, ಬಿಸಿಲಿಗೆ ಬತ್ತಿ, ನೀರು ನಾಲ್ಕೈದು ಪಟ್ಟು ಗಟ್ಟಿಯಾಗುವಾಗ ಮೀನೂ ಇಲ್ಲ, ಸಿಗಡಿಯೂ ಇಲ್ಲ. ಪಾದದಡಿ ಗರಗರ ಎನ್ನುವ ತೆಳು ಪದರ ಕಟ್ಟಿರುತ್ತದೆ, ಅದು ಜಿಪ್ಸಂ. ಸುಮಾರು ಹತ್ತು ಪಟ್ಟು ಗಟ್ಟಿಯಾದಾಗ ಉಪ್ಪು ಬೀಳತೊಡಗುತ್ತದೆ. ಆ ಕೊನೆಯ ಮಡಿಗಳ ಮೂಲೆಯಲ್ಲಿ, ನೀರು ನಿಂತು ಹಳತಾದಲ್ಲಿ, ತಿಳಿಗೆಂಪು ಛಾಯೆ. ಎಣ್ಣೆಯಂತೆ ಮಂದವಾದ ನೀರು, ಬೆರಳದ್ದಿ ಒಣಗಿಸಿದರೆ ಚರ್ಮದ ಮೇಲೆ ಬಿಳಿ ಗೆರೆ.

“ನೀರು ಕೆಂಪಾಯ್ತಲ್ಲ, ಇನ್ನು ಉಪ್ಪು ಬೀಳೂಕೆ ತಡ ಇಲ್ರಾ” ಎನ್ನುತ್ತಾರೆ ಹಲಗೆಗೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದ ಹಿರಿಯರು.

ಅವರ ಮಾತು ವಿಜ್ಞಾನಕ್ಕೂ ಒಪ್ಪಿಗೆ. ಆ ಕೆಂಪು ಜೀವದ್ದು. ಆಗರಗಳ ಗಟ್ಟಿ ನೀರಿನಲ್ಲಿ ಒಂದು ಮಿಲಿಲೀಟರಿಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರಬಲ್ಲವು. ಅವುಗಳ ಕೆಂಪು ವರ್ಣದ್ರವ್ಯ ಬಿಸಿಲನ್ನು ಹೀರಿ ನೀರನ್ನು ಇನ್ನಷ್ಟು ಬಿಸಿ ಮಾಡುತ್ತದೆ, ನೀರು ಬೇಗ ಆರುತ್ತದೆ, ಉಪ್ಪು ಬೇಗ ಬೀಳುತ್ತದೆ. ಹಲಗೆ ಎಳೆಯುವ ಕೈಗಳ ಜೊತೆಗೆ ಇವೂ ದುಡಿಯುತ್ತಿವೆ, ಕೂಲಿ ಕೇಳದೆ.

ಬದುವಿನ ಪಕ್ಕದ ಕೆಸರನ್ನು ಹಿಮ್ಮಡಿಯಿಂದ ಸ್ವಲ್ಪ ಕೆದಕಿ ನೋಡಿ. ಮೇಲೆ ಹಸಿರು ಲೋಳೆ, ಅದರಡಿ ನೇರಳೆ ಛಾಯೆ, ಇನ್ನೂ ಕೆಳಗೆ ಕಾಡಿಗೆಯಂಥ ಕಪ್ಪು, ಜೊತೆಗೆ ಕೊಳೆತ ಮೊಟ್ಟೆಯ ನಾತ. ಮೂಗು ಮುಚ್ಚಿಕೊಳ್ಳುವ ಮೊದಲು ಒಂದು ಕ್ಷಣ ಯೋಚಿಸಬೇಕು, ಈ ನಾತ ಯಾರದೋ ಉಸಿರು. ಗಾಳಿ ತಲುಪದ ಕಪ್ಪು ಪದರದ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ಸಲ್ಫೇಟನ್ನು ಉಸಿರಾಡಿ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತವೆ. ಮೇಲಿನ ನೇರಳೆ ಬ್ಯಾಕ್ಟೀರಿಯಾಗಳು ಆ ಸಲ್ಫೈಡನ್ನೇ ಬಳಸಿಕೊಂಡು ಬಿಸಿಲಿನ ಬಲದಿಂದ ಆಹಾರ ಕಟ್ಟಿಕೊಳ್ಳುತ್ತವೆ. ಒಬ್ಬರ ಕಸ ಇನ್ನೊಬ್ಬರ ಊಟ. ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ ಇಡೀ ಊರಿನ ವ್ಯವಹಾರ ನಡೆದಿದೆ.

ಉಪ್ಪು ಹಚ್ಚಿದ ಮೀನು ಕೆಡುವುದಿಲ್ಲ ಎಂಬುದು ಕರಾವಳಿಯ ಎಲ್ಲ ಅಡುಗೆಮನೆಗಳಿಗೂ ಗೊತ್ತು. ಉಪ್ಪು ಸೂಕ್ಷ್ಮಜೀವಿಯ ಮೈಯೊಳಗಿನ ನೀರನ್ನು ಹೊರಗೆಳೆದು ಅದನ್ನು ಒಣಗಿಸಿಬಿಡುತ್ತದೆ. ಹಾಗಿದ್ದೂ ಒಮ್ಮೊಮ್ಮೆ ಉಪ್ಪುಮೀನಿನ ಮೇಲೆ ಕೆಂಪು ಹತ್ತುತ್ತದಲ್ಲ, ಅದು ಇದೇ ಆಗರದ ಕೆಂಪು ಜೀವಿಗಳ ಸಂತತಿ. ಇವುಗಳಲ್ಲಿ ಹ್ಯಾಲೋಬ್ಯಾಕ್ಟೀರಿಯಂ ಎಂಬುದು ಹೆಸರಿನಲ್ಲಿ ಬ್ಯಾಕ್ಟೀರಿಯಾ ಆದರೂ ಕುಲದಲ್ಲಿ ಆರ್ಕಿಯಾ ಎಂಬ ಬೇರೆಯೇ ಕವಲು. ಹೊರಗಿನ ಉಪ್ಪಿಗೆ ಸಮನಾಗಿ ಅದು ತನ್ನೊಳಗೆ ಪೊಟ್ಯಾಸಿಯಂ ಲವಣವನ್ನು ತುಂಬಿಕೊಂಡಿರುತ್ತದೆ, ಅದರ ಪ್ರೋಟೀನುಗಳೆಲ್ಲ ಆ ಉಪ್ಪಿನಲ್ಲೇ ನೆಟ್ಟಗೆ ನಿಲ್ಲುವಂತೆ ರೂಪುಗೊಂಡಿವೆ. ಸಿಹಿನೀರಿಗೆ ಹಾಕಿದರೆ ಒಡೆದು ಸಾಯುತ್ತದೆ. ಗಟ್ಟಿ ಉಪ್ಪುನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ. ಅದಕ್ಕೂ ಇದರ ಬಳಿ ದಾರಿಯಿದೆ: ಪೊರೆಯಲ್ಲಿರುವ ನೇರಳೆ ಬಣ್ಣದ ಬ್ಯಾಕ್ಟೀರಿಯೋರೊಡಾಪ್ಸಿನ್ ಬಿಸಿಲು ಬಿದ್ದೊಡನೆ ಪ್ರೋಟಾನುಗಳನ್ನು ಹೊರಗೆ ತಳ್ಳಿ, ಅದರಿಂದ ಶಕ್ತಿ ಹುಟ್ಟುವಂತೆ ಮಾಡುತ್ತದೆ. 1971ರಲ್ಲಿ ಓಸ್ಟರ್‌ಹೆಲ್ಟ್ ಮತ್ತು ಸ್ಟೊಕೇನಿಯಸ್ ಇದನ್ನು ಗುರುತಿಸಿದರು. 1980ರಲ್ಲಿ ವಾಲ್ಸ್‌ಬಿ ಎಂಬ ವಿಜ್ಞಾನಿ ಸಿನಾಯ್‌ನ ಉಪ್ಪುನೀರಿನಲ್ಲಿ ಕಂಡ ಇನ್ನೊಂದು ಜೀವಿಯಂತೂ ಚಪ್ಪಟೆ ಚೌಕ, ಕಾಗದದ ಚೂರಿನಂತೆ ತೆಳು. ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಲು 2004ರವರೆಗೆ ಕಾಯಬೇಕಾಯಿತು.

ಮಡಿಯಲ್ಲಿ ಇನ್ನೊಂದು ಬಗೆಯ ಒಕ್ಕಲೂ ಇದೆ, ನನಗೆ ಹೆಚ್ಚು ಅಚ್ಚರಿ ತರುವುದು ಅದೇ. ಹ್ಯಾಲೋಮೊನಾಸ್ ಕುಲದ ಬ್ಯಾಕ್ಟೀರಿಯಾಗಳು ಹೊರಗಿನ ಉಪ್ಪನ್ನು ಒಳಗೆ ಬಿಟ್ಟುಕೊಳ್ಳದೆ ಎಕ್ಟೋಯಿನ್ ಎಂಬ ಸಣ್ಣ ಅಣುವನ್ನು ತಯಾರಿಸಿ ಮೈತುಂಬ ಕೂಡಿಟ್ಟುಕೊಳ್ಳುತ್ತವೆ. ಒಳಗಿನ ನೀರನ್ನು ಅದು ಹಿಡಿದಿಡುತ್ತದೆ, ಪ್ರೋಟೀನು ಮುದುಡದಂತೆ ಕಾಯುತ್ತದೆ, ಜೀವಕೋಶದ ಬೇರೆ ಯಾವ ಕೆಲಸಕ್ಕೂ ಅಡ್ಡಬರುವುದಿಲ್ಲ. ಉಪ್ಪು ಏರಿದರೆ ಎಕ್ಟೋಯಿನ್ ಏರುತ್ತದೆ, ಮಳೆ ಬಿದ್ದು ಉಪ್ಪು ಇಳಿದರೆ ಅದನ್ನು ಹೊರಗೆ ಬಿಟ್ಟು ಜೀವಕೋಶ ಹಗುರಾಗುತ್ತದೆ. 1985ರಲ್ಲಿ ಜರ್ಮನಿಯ ಗಾಲಿನ್ಸ್ಕಿ ಮತ್ತು ಸಂಗಡಿಗರು ಈ ಅಣುವನ್ನು ಮೊದಲು ಕಂಡದ್ದು ಈಜಿಪ್ಟಿನ ವಾದಿ ನತ್ರೂನಿನ ಬ್ಯಾಕ್ಟೀರಿಯಾದಲ್ಲಿ. ಮಮ್ಮಿಗಳನ್ನು ಒಣಗಿಸಲು ಹಿಂದಿನವರು ಕ್ಷಾರ ತರುತ್ತಿದ್ದ ಕಣಿವೆ ಅದು.

ಉಪ್ಪು ಇಳಿದಾಗ ಎಕ್ಟೋಯಿನ್ ಹೊರಬರುವ ಆ ಗುಣವೇ ಕಾರ್ಖಾನೆಗೆ ದಾರಿಯಾಯಿತು. ಕೆರಿಬಿಯನ್ ದ್ವೀಪ ಬೊನೇರ್‌ನ ಆಗರದಲ್ಲಿ ಸಿಕ್ಕಿದ್ದ ಹ್ಯಾಲೋಮೊನಾಸ್ ಎಲಾಂಗಾಟವನ್ನು ದೊಡ್ಡ ಹಂಡೆಗಳಲ್ಲಿ ಶೇ 10ರ ಉಪ್ಪುನೀರಿನಲ್ಲಿ ಬೆಳೆಸುತ್ತಾರೆ. ಆಮೇಲೆ ಒಮ್ಮೆಲೇ ಉಪ್ಪನ್ನು ಸುಮಾರು ಶೇ 3ಕ್ಕೆ ಇಳಿಸುತ್ತಾರೆ. ಜೀವಕೋಶ ಸಾಯದೆ ಎಕ್ಟೋಯಿನ್ ಬಿಟ್ಟುಕೊಡುತ್ತದೆ. ಅದನ್ನು ಸೋಸಿಕೊಂಡು ಮತ್ತೆ ಉಪ್ಪಿಗೆ ಬಿಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಹಸು ಕರೆಯುವ ಹಾಗೆ ಮತ್ತೆ ಮತ್ತೆ ಕರೆಯಬಹುದು. ಒಣಕಣ್ಣಿಗೆ ಹಾಕುವ ಹನಿ, ಅಲರ್ಜಿಯ ಮೂಗಿಗೆ ಸಿಂಪಡಿಸುವ ದ್ರವ, ಚರ್ಮದ ಕ್ರೀಮು, ಇವುಗಳಲ್ಲಿ ಇಂದು ಎಕ್ಟೋಯಿನ್ ಇದೆ. ಬ್ಯಾಕ್ಟೀರಿಯಾ ತನ್ನನ್ನು ಒಣಗದಂತೆ ಕಾಪಾಡಿಕೊಂಡ ವಿದ್ಯೆ ಮನುಷ್ಯನ ಕಣ್ಣಿಗೂ ಒದಗಿದೆ.

ಇದೇ ಕುಲದ ಇನ್ನೊಂದು ಪ್ರಯೋಜನ ಪ್ಲಾಸ್ಟಿಕ್ಕು. ತಿನ್ನಲು ಹೆಚ್ಚಿದ್ದು ಬೆಳೆಯಲು ಬೇಕಾದ ಸಾರಜನಕ ಕಡಿಮೆಯಾದಾಗ ಅನೇಕ ಬ್ಯಾಕ್ಟೀರಿಯಾಗಳು ಮಿಕ್ಕಿದ ಇಂಗಾಲವನ್ನು ಪಿಎಚ್‌ಬಿ ಎಂಬ ಕಣಗಳಾಗಿ ಮೈಯೊಳಗೆ ಕೂಡಿಡುತ್ತವೆ, ನಾವು ಕೊಬ್ಬು ಕೂಡಿಡುವಂತೆ. ಮಣ್ಣಿನಲ್ಲಿ ಕರಗಿಹೋಗುವ ಪ್ಲಾಸ್ಟಿಕ್ ಅದು. ಆದರೆ ಹಂಡೆ, ಕೊಳವೆ, ನೀರು ಎಲ್ಲವನ್ನೂ ಹಬೆಯಲ್ಲಿ ಕಾಯಿಸಿ ಶುದ್ಧ ಮಾಡದಿದ್ದರೆ ಬೇರೆ ಸೂಕ್ಷ್ಮಜೀವಿಗಳು ನುಗ್ಗಿ ಬೆಳೆ ಹಾಳು ಮಾಡುತ್ತವೆ. ಆ ಖರ್ಚು ದೊಡ್ಡದು. ಚೀನಾದ ಚಿಂಗ್ಹುವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಶಿಂಜಿಯಾಂಗಿನ ಉಪ್ಪುಕೆರೆಯೊಂದರಿಂದ ತಂದ ಹ್ಯಾಲೋಮೊನಾಸನ್ನು ಹೀಗೆ ಕಾಯಿಸದ ಹಂಡೆಯಲ್ಲೇ, ಉಪ್ಪು ಮತ್ತು ಕ್ಷಾರ ಹೆಚ್ಚಿರುವ ನೀರಿನಲ್ಲಿ, 14 ದಿನ ಬಿಡುವಿಲ್ಲದೆ ಬೆಳೆಸಿ 2011ರಲ್ಲಿ ತೋರಿಸಿದರು. ಅನ್ಯರನ್ನು ಹೊರಗಿಡುವ ಬೇಲಿ ಉಪ್ಪೇ ಆಯಿತು.

ಇಷ್ಟೆಲ್ಲ ತಿಳಿದ ಮೇಲೆ ಉಪ್ಪಿನ ಭೂಮಿಯನ್ನು ಬಂಜರೆಂದು ಕರೆದು ಮಣ್ಣು ತುಂಬಿಸುವ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ಈ ಅಳಿವೆಯ ಸುತ್ತಲ ರೈತರು ಉಪ್ಪುನೀರು ತಾಳುವ ಕಗ್ಗ ಭತ್ತವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದರು. ಕಣ್ಣಿಗೆ ಕಾಣುವ ಬೀಜವಾದ್ದರಿಂದ ಅದಕ್ಕೊಂದು ಹೆಸರಿದೆ, ಅದನ್ನು ಕೇಳುವವರಿದ್ದಾರೆ. ಮಡಿಯ ಕೆಂಪಿಗೆ ಅಂಥ ವಾರಸುದಾರರು ಬೇಕು.

ಕರಾವಳಿಯ ಕಾಲೇಜುಗಳಲ್ಲಿ ಜೀವಶಾಸ್ತ್ರ ಓದುವ, ಕಲಿಸುವ ಎಲ್ಲರಲ್ಲೂ ಒಂದು ಕೋರಿಕೆ. ಬೇಸಿಗೆಯಲ್ಲಿ ಆಗರದವರನ್ನು ಕೇಳಿ ಒಂದು ಬಾಟಲಿ ಗಟ್ಟಿ ನೀರು ತನ್ನಿ. ಶೇ 20ರಿಂದ 25ರಷ್ಟು ಉಪ್ಪು ಬೆರೆಸಿದ ಅಗರ್ ತಟ್ಟೆಗೆ ಒಂದು ಹನಿ ಸವರಿ, ಒಣಗದಂತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬೆಚ್ಚಗಿನ ಜಾಗದಲ್ಲಿಡಿ. ಇವು ನಿಧಾನವಾಗಿ ಬೆಳೆಯುತ್ತವೆ, ಎರಡು ಮೂರು ವಾರ ಕಾಯಬೇಕಾದೀತು. ಕೆಂಪು ಚುಕ್ಕೆಗಳು ಕಂಡಾಗ ತಟ್ಟೆಯ ಮೇಲೆ ಊರಿನ ಹೆಸರು, ಮಡಿ, ತಾರೀಖು ಬರೆದಿಡಿ, ಮುಂದಿನ ವರ್ಷ ಮತ್ತೆ ಹೋಗಿ.