ಕಾಣದೆ ದುಡಿಯುವ ಮ್ಯಾಂಗನೀಸ್

ನಾವು ಉಸಿರಾಡುವ ಆಮ್ಲಜನಕದ ಮೂಲ ಯಾವುದು? ಹಸಿರೆಲೆ, ಪಾಚಿಗಳಲ್ಲಿ ನೀರು ಉತ್ಕರ್ಷಣೆ ಹೊಂದಿದಾಗ ಅದು ಬಿಡುಗಡೆಯಾಗುತ್ತದೆ. ಅಲ್ಲಿನ ವೇಗವರ್ಧಕವೆಂದರೆ ನಾಲ್ಕು ಮ್ಯಾಂಗನೀಸ್ ಪರಮಾಣುಗಳೂ ಒಂದು ಕ್ಯಾಲ್ಸಿಯಂ ಪರಮಾಣುವೂ ಸೇರಿದ ಪುಟ್ಟ ಗುಚ್ಛ. ಬೆಳಕಿನ ನಾಲ್ಕು ಮಿಂಚುಗಳಿಗೆ ನಾಲ್ಕು ಹೆಜ್ಜೆ ಇಟ್ಟು ಅದು ಒಮ್ಮೆ ಆಮ್ಲಜನಕವನ್ನು ನೀಡುತ್ತದೆಂದು 1970ರಲ್ಲಿ ಬೆಸೆಲ್ ಕಾಕ್ ಮತ್ತು ಸಂಗಡಿಗರು ವಿವರಿಸಿದರು.

ಆದರೆ ದುಡಿಯುತ್ತಿರುವ ಮ್ಯಾಂಗನೀಸನ್ನು ಕಾಣುವುದೆಂತು? ಡಿಸ್ಮ್ಯೂಕ್ಸ್ ಮತ್ತು ಸಿಡೆರರ್ 1981ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಿಂಚು ತಾಗಿದೊಡನೆ ಎಲೆಯ ಕ್ಲೋರೊಪ್ಲಾಸ್ಟ್‌ಗಳನ್ನು ಹೆಪ್ಪುಗಟ್ಟಿಸಿ, ಕಾಂತಕ್ಷೇತ್ರದಲ್ಲಿರಿಸಿ ಸೂಕ್ಷ್ಮತರಂಗಗಳನ್ನು ಹಾಯಿಸಿದರು. ರೋಹಿತದಲ್ಲಿ ಮೂಡಿದ ಸಾಲುಗೆರೆಗಳು, ಹಲವು ಮ್ಯಾಂಗನೀಸ್ ಪರಮಾಣುಗಳು ಕೂಡಿ ದುಡಿಯುತ್ತಿರುವುದನ್ನು ಸಾರಿದವು.

ಕಾರ್ಯದಿಂದ ಕಾರಣವನ್ನು ಅರಿಯುವ ಹಳೆಯ ತರ್ಕವಿದು. ಅಂಗಳದ ಮರಕ್ಕೆ ಕೊಡಲಿ ಎತ್ತುವ ಮುನ್ನ, ಅದರೊಳಗೆ ಕಾಣದೆ ದುಡಿಯುವ ಈ ಗುಚ್ಛವನ್ನು ನಾವು ನೆನೆಯೋಣ.